ಫಾದರ್ ಯಾರ ಕೈಕೆಳಗೆ?

ವಕೀಲೆಯಾದ ನನ್ನ ಈ ಕಾಲಂಗೆ ಸಾಮಾನ್ಯವಾಗಿ ಬರೋದು ಜಮ್ಮಾ ಜಾಗದ (ಕೊಡಗಿನ ವಂಶಪಾರಂಪರ್ಯದ ಹಿಡುವಳಿ) ಪಾಲು, ಆರ್‌ಟಿಸಿಯಲ್ಲಿ ಹೆಸರು ಸೇರ್ಸೋದು, ಎಸ್ಟೇಟಿನ ಲೈನ್ ಮನೆಯ ಕೆಲಸದವ್ರಿಗೆ ಪಿಎಫ್ ಕಟ್ಟಿಲ್ಲ ಅನ್ನೋ ಪ್ರಶ್ನೆಗಳು. ಹೋದ ಸಂಚಿಕೆಯಲ್ಲಿ ವಿರಾಜಪೇಟೆಯ ಒಬ್ರು ಟೀಚರ್ ಕೇಳಿದ ಪ್ರಶ್ನೆಗೆ ಮುಂದಿನ ಸಲ ಉತ್ತರ ಕೊಡ್ತೀನಿ, ವಿಷಯ ಸೇನೆಯ ಪಾದ್ರಿಗಳಿಂದ ಆದ ಲೈಂಗಿಕ ದೌರ್ಜನ್ಯ ಅಂತ ಎರಡು ಸಾಲು ಹಾಕಿದ್ವಿ ಅಷ್ಟೇ, ಅದನ್ನ ನೋಡಿ ಇನ್ನೂ ನಾಲ್ಕು ಕಾಗದ ಬಂತು. ಹಾಗಾಗಿ ಜಾಗದ ಪ್ರಶ್ನೆಯವ್ರು ಒಂದು ತಿಂಗಳು ತಾಳ್ಕೊಳ್ಳಿ. ಯಾರ ಹೆಸರೂ ಹಾಕಿಲ್ಲ, ಊರಿನ ಹೆಸರು ಕೂಡ ಬೇಡ ಅಂದವ್ರದ್ದು ಅದೂ ಇಲ್ಲ.

ಪ್ರಶ್ನೆ: ನಮಸ್ಕಾರ ಮೇಡಂ. ನಾನು ರಿಟೈರ್ಡ್ ಟೀಚರ್, ನಮ್ದು ಕ್ಯಾಥೊಲಿಕ್ ಕುಟುಂಬ. ಮಗಳು ಅಮೆರಿಕದಲ್ಲಿದಾಳೆ, ಅಳಿಯ ಅಲ್ಲಿನ ನೇವಿಯಲ್ಲಿ, ಬೇಸ್ ಒಳಗೇ ಮನೆ, ಬೇಸ್ ಒಳಗೇ ಚಾಪೆಲ್. ಮೊಮ್ಮಗನಿಗೆ ಒಂಬತ್ತು ವರ್ಷ, ಈಗ ಆಲ್ಟರ್ ಬಾಯ್ ಆಗಿದಾನೆ, ಪೂಜೆಯಲ್ಲಿ ಫಾದರ್‌ಗೆ ಸಹಾಯ ಮಾಡೋ ಹುಡುಗ, ಬಿಳಿ ಅಂಗಿ ಹಾಕ್ಕೊಂಡು ಮೇಣದಬತ್ತಿ ಹಿಡ್ಕೊಂಡಿರೋ ಫೋಟೊ ಕಳಿಸಿದ್ಳು, ನೋಡಿ ಕಣ್ತುಂಬ್ತು. ಅದೇ ರಾತ್ರಿ ಫೋನಲ್ಲಿ ಅಲ್ಲಿನ ಮಿಲಿಟರಿ ಫಾದರ್‌ಗಳು ಮಕ್ಕಳಿಗೆ ಮಾಡಿದ ಅನ್ಯಾಯದ ಸುದ್ದಿ ಓದಿ ನಿದ್ದೆ ಬರ್ಲಿಲ್ಲ. ನಮ್ಮಲ್ಲಾದ್ರೆ ಫಾದರ್ ಸರಿ ಇಲ್ಲಾಂದ್ರೆ ಮೈಸೂರಿಗೆ ಹೋಗಿ ಬಿಷಪ್ಪರಿಗೆ ಹೇಳ್ಬಹುದು. ಅಲ್ಲಿ ಫಾದರ್ ಆಫೀಸರ್ ಯೂನಿಫಾರ್ಮಲ್ಲಿ ಇರ್ತಾರಂತೆ, ಅವರು ಯಾರ ಕೈಕೆಳಗೆ? ಮಗಳಿಗೆ ಕೇಳಿದ್ರೆ ಅಮ್ಮ ಸುಮ್ನಿರಿ ಅಂತಾಳೆ. ನಾನು ಇಲ್ಲದ್ದಕ್ಕೆ ಹೆದರ್ತಿದೀನಾ?

ಉತ್ತರ: ಟೀಚರ್, ನಿಮ್ಮ ಪ್ರಶ್ನೆ ಇದೆಯಲ್ಲ, ಯಾರ ಕೈಕೆಳಗೆ ಅಂತ, ಇಡೀ ವಿಷಯದ ಬೇರು ಅಲ್ಲೇ ಇರೋದು. ಹೆದರಿದ್ದು ತಪ್ಪಲ್ಲ. ಆದ್ರೆ ಅಲ್ಲಿರೋ ಎಲ್ಲಾ ಫಾದರ್‌ಗಳ ಮೇಲೂ ಅನುಮಾನ ಪಡಿ ಅಂತ ನಾನು ಹೇಳಲ್ಲ. ವ್ಯವಸ್ಥೆ ಹೇಗಿದೆ ಅಂತ ಹೇಳ್ತೀನಿ, ಆಮೇಲೆ ಮಗಳ ಹತ್ರ ಏನು ಕೇಳ್ಬೇಕು ಅಂತ ನಿಮಗೇ ಗೊತ್ತಾಗುತ್ತೆ.

ಅಮೆರಿಕದಲ್ಲಿ ಸೈನಿಕರಿಗೇ ಅಂತ ಒಂದು ಬೇರೆ ಧರ್ಮಪ್ರಾಂತ್ಯ (ಒಬ್ಬ ಬಿಷಪ್ಪರ ಆಡಳಿತದ ವ್ಯಾಪ್ತಿ) ಇದೆ, ಆರ್ಚ್‌ಡಯಾಸಿಸ್ ಫಾರ್ ದಿ ಮಿಲಿಟರಿ ಸರ್ವಿಸಸ್ ಅಂತ, 1985ರಲ್ಲಿ ಸ್ವತಂತ್ರವಾಗಿ ಶುರುವಾಗಿದ್ದು. ಇದಕ್ಕೆ ಮೈಸೂರು ಧರ್ಮಪ್ರಾಂತ್ಯದ ಥರ ಇಲ್ಲಿಂದ ಇಲ್ಲಿಗೆ ಅಂತ ಗಡಿ ಇಲ್ಲ. ಸೈನಿಕ ಎಲ್ಲಿದಾನೋ ಅಲ್ಲಿ ಇದೂ ಇದೆ, ಜಪಾನಲ್ಲಿದ್ರೆ ಜಪಾನಲ್ಲಿ, ಹಡಗಲ್ಲಿದ್ರೆ ಹಡಗಲ್ಲಿ. ಸುಮಾರು 18 ಲಕ್ಷ ಜನ ಇದರ ಆರೈಕೆಯಲ್ಲಿ ಬರ್ತಾರೆ ಅಂತ ಅವರೇ ಲೆಕ್ಕ ಕೊಡ್ತಾರೆ, ಡ್ಯೂಟಿಯಲ್ಲಿರೋ ಫಾದರ್‌ಗಳು ಮಾತ್ರ 200ರ ಆಸುಪಾಸು. ಈಗ ಮುಖ್ಯ ವಿಷಯ ಕೇಳಿ. ಈ ಫಾದರ್‌ಗಳು ಅಲ್ಲಿಯ ಸ್ವಂತ ಫಾದರ್‌ಗಳಲ್ಲ. ಬೇರೆ ಬೇರೆ ಊರಿನ ಬಿಷಪ್‌ಗಳೋ ಧಾರ್ಮಿಕ ಸಭೆಗಳೋ (ಸನ್ಯಾಸಿಗಳ ಸಂಘಗಳು) ಇಷ್ಟು ವರ್ಷಕ್ಕೆ ಅಂತ ಕಳಿಸಿಕೊಟ್ಟವ್ರು. ದೀಕ್ಷೆ ಕೊಟ್ಟಿದ್ದು ಊರಿನ ಬಿಷಪ್, ಸೇನೆಯಲ್ಲಿ ಪೂಜೆ ಮಾಡೋಕೆ ಒಪ್ಪಿಗೆ ಕೊಡೋದು ಸೇನೆಯ ಆರ್ಚ್‌ಬಿಷಪ್, ಸಂಬಳ, ರ‍್ಯಾಂಕು, ಪೋಸ್ಟಿಂಗ್ ಕೊಡೋದು ಸರ್ಕಾರ. ನಮ್ಮ ಕಡೆ ಒಂದು ಎಸ್ಟೇಟಿನ ಲೆಕ್ಕ ಬರೆಯೋ ರೈಟರನ್ನ ಇನ್ನೊಂದು ಎಸ್ಟೇಟಿಗೆ ಕಳಿಸಿ, ಸಂಬಳ ಮಾತ್ರ ಮೂರನೇ ಸಾಹುಕಾರ ಕೊಟ್ರೆ ಹೇಗಿರುತ್ತೆ ಯೋಚನೆ ಮಾಡಿ, ಅವನು ಲೈನ್ ಮನೆಯಲ್ಲಿ ಏನೋ ಅನಾಹುತ ಮಾಡಿದ ದಿನ ಯಾರ ಬಂಗ್ಲೆ ಬಾಗಿಲು ತಟ್ಟೋದು?

ಚರ್ಚಿನ ಕಾನೂನು ಇದಕ್ಕೆ ಉತ್ತರ ಇಟ್ಟಿದೆ. 1986ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಸೇನಾ ಧರ್ಮಪ್ರಾಂತ್ಯಗಳಿಗೇ ಒಂದು ಸಂವಿಧಾನ ಹೊರಡಿಸಿದ್ರು, ಅದರಲ್ಲಿ ಸೇನೆಯ ಬಿಷಪ್ಪರ ಅಧಿಕಾರ ಆ ಜಾಗದ ಬಿಷಪ್ಪರ ಅಧಿಕಾರದ ಜೊತೆಗೆ ಸೇರ್ಕೊಂಡೇ ಇರುತ್ತೆ ಅಂತ ಬರೆದಿದೆ, ಅಂದ್ರೆ ಒಬ್ರು ಬಂದಾಕ್ಷಣ ಇನ್ನೊಬ್ರು ಕೈತೊಳ್ಕೊಳ್ಳೋ ಹಾಗಿಲ್ಲ. ಇಬ್ರೂ ಕೈ ಹಚ್ಚಲಿ ಅಂತ ಬರೆದ ಮಾತು ನಿಜಜೀವನದಲ್ಲಿ ಇಬ್ರೂ ಕೈಬಿಡೋಕೆ ನೆಪ ಆಗಿಬಿಡುತ್ತೆ, ಅದೇ ನನಗೆ ಹೊಟ್ಟೆ ಉರಿಯೋದು. ನನ್ನ ಕೆಲಸದಲ್ಲೂ ಇದೇ ನೋಡಿದೀನಿ. ಎರಡು ಇಲಾಖೆಗೆ ಸೇರಿದ ರಸ್ತೆ ಇರುತ್ತಲ್ಲ, ಮಳೆಗಾಲದಲ್ಲಿ ಮೊದಲು ಕುಸಿಯೋದು ಅದೇ.

ಒಂದು ನಡೆದ ಕೇಸ್ ಹೇಳ್ತೀನಿ. ಆರ್ಥರ್ ಪೆರಾಲ್ಟ್ ಅಂತ ಒಬ್ಬ ಫಾದರ್. ಊರು ಕನೆಕ್ಟಿಕಟ್ ಕಡೆ. 1960ರ ದಶಕದಲ್ಲೇ ಅವನ ಮೇಲೆ ದೂರು ಬಂದಾಗ ಪೊಲೀಸಿಗೆ ಕೊಡ್ಲಿಲ್ಲ, ನ್ಯೂ ಮೆಕ್ಸಿಕೋದಲ್ಲಿ ಫಾದರ್‌ಗಳಿಗೇ ಅಂತ ಇದ್ದ ಒಂದು ಚಿಕಿತ್ಸಾ ಕೇಂದ್ರಕ್ಕೆ ಕಳಿಸಿದ್ರು. ಅಲ್ಲಿಂದ ಅವನು ವಾಪಸ್ ಹೋಗ್ಲೇ ಇಲ್ಲ, ಅಲ್ಲೇ ಆಲ್ಬುಕರ್ಕಿಯಲ್ಲಿ ಚರ್ಚುಗಳು ಸಿಕ್ಕಿದವು, ಮುಂದೆ ಕರ್ಟ್‌ಲ್ಯಾಂಡ್ ಏರ್‌ಫೋರ್ಸ್ ಬೇಸಿನ ಚಾಪ್ಲಿನ್, ಅಂದ್ರೆ ಸೇನೆಯ ಫಾದರ್ ಕೂಡ ಆದ. 1991-92ರಲ್ಲಿ ತನ್ನ ಚರ್ಚಿನ ಒಬ್ಬ ಆಲ್ಟರ್ ಬಾಯನ್ನ ಬೇಸ್ ಒಳಗೆ ಕರ್ಕೊಂಡು ಹೋಗಿ ದೌರ್ಜನ್ಯ ಮಾಡಿದ, ಸಾಂಟಾ ಫೆ ಊರಿನ ಸೈನಿಕರ ಸ್ಮಶಾನದಲ್ಲೂ ಮಾಡಿದ. ಆ ಜಾಗ ಯೋಚನೆ ಮಾಡಿ ಟೀಚರ್, ಗೇಟಲ್ಲಿ ಗಾರ್ಡ್ ನಿಂತಿರ್ತಾನೆ, ಹೊರಗಿನವ್ರು ಯಾರೂ ಸುಮ್ನೆ ಒಳಗೆ ಬರೋ ಹಾಗಿಲ್ಲ, ಫಾದರ್ ಕಾರು ಕಂಡ್ರೆ ಮಾತ್ರ ಗೇಟು ತೆಗೀತಾರೆ, ಪಕ್ಕದ ಸೀಟಲ್ಲಿ ಒಂದು ಮಗು ಕೂತಿರುತ್ತೆ. ಮಗು ಜೋಪಾನವಾಗಿರೋ ಜಾಗ ಅಂತ ನಾವೆಲ್ಲ ಅಂದ್ಕೊಳ್ಳೋದು ಅಂಥ ಜಾಗನೇ ಅಲ್ವಾ.

1992ರಲ್ಲಿ ವಿಷಯ ಹೊರಗೆ ಬರೋ ಹೊತ್ತಿಗೆ ಅವನು ದೇಶ ಬಿಟ್ಟು ಓಡಿಹೋದ. ಕೊನೆಗೆ ಸಿಕ್ಕಿದ್ದು ಮೊರಾಕ್ಕೋದಲ್ಲಿ, ಅಲ್ಲಿ ಟಾಂಜಿಯರ್ ಊರಲ್ಲಿ ಇಂಗ್ಲಿಷ್ ಪಾಠ ಮಾಡ್ಕೊಂಡಿದ್ದ. 2018ರಲ್ಲಿ ಹಿಡಿದು ತಂದ್ರು, 2019ರ ಏಪ್ರಿಲಲ್ಲಿ ಜ್ಯೂರಿ ಅಪರಾಧಿ ಅಂತು, ಸೆಪ್ಟೆಂಬರಲ್ಲಿ 30 ವರ್ಷ ಶಿಕ್ಷೆ ಆಯ್ತು, ಆಗ ಅವನಿಗೆ 81. ಇದರಲ್ಲಿ ಗಮನಿಸ್ಬೇಕಾದ್ದು ಇನ್ನೊಂದಿದೆ. ಬೇಸ್ ಮತ್ತು ಆ ಸ್ಮಶಾನ ಎರಡೂ ಫೆಡರಲ್ (ಕೇಂದ್ರ) ಸರ್ಕಾರದ ಜಾಗ, ಅದಕ್ಕೇ ಕೇಸು ಫೆಡರಲ್ ಕೋರ್ಟಿಗೆ ಹೋಯ್ತು, ಅಷ್ಟು ವರ್ಷ ಆದ್ಮೇಲೂ ನಡೀತು. ಯಾವ ಬೇಲಿ ಅವನನ್ನ ಕಾಪಾಡ್ತು ಅಂದ್ಕೊಂಡಿದ್ನೋ ಅದೇ ಬೇಲಿ ಅವನನ್ನ ಹಿಡ್ಕೊಟ್ತು. ಆದ್ರೆ ಆ ಹುಡುಗನ ವಯಸ್ಸು ಆಗ ನಿಮ್ಮ ಮೊಮ್ಮಗನ ವಯಸ್ಸಿನ ಹತ್ರಹತ್ರ, ತೀರ್ಪು ಬರೋ ಹೊತ್ತಿಗೆ ಅವನು ನಡುವಯಸ್ಸಿನ ಗಂಡಸು.

ದೊಡ್ಡವ್ರಿಗೂ ಆಗುತ್ತೆ ಇದು, ಮಕ್ಕಳಿಗೆ ಮಾತ್ರ ಅಂತ ಅಂದ್ಕೋಬೇಡಿ. ಅಮೆರಿಕದ ನೇವಲ್ ಅಕಾಡೆಮಿಯಲ್ಲಿ ಚಾಪ್ಲಿನ್ ಆಗಿದ್ದ ಒಬ್ಬ ಕ್ಯಾಥೊಲಿಕ್ ಫಾದರ್ 2007ರ ಡಿಸೆಂಬರಲ್ಲಿ ಕೋರ್ಟ್ ಮಾರ್ಷಲಲ್ಲಿ, ಅಂದ್ರೆ ಸೇನೆಯ ಕೋರ್ಟಲ್ಲಿ ತಪ್ಪೊಪ್ಪಿಕೊಂಡ, ತನಗೆ ಎಚ್‌ಐವಿ ಇರೋದನ್ನ ಮುಚ್ಚಿಟ್ಟಿದ್ದೂ ಆರೋಪದಲ್ಲಿತ್ತು, ಒಪ್ಪಂದದ ಪ್ರಕಾರ ಎರಡು ವರ್ಷ ಜೈಲಾಯ್ತು. ಅಂಥ ಕಡೆ ಇರೋ ಹುಡುಗರಿಗೆ ಫಾದರ್ ಅಂದ್ರೆ ಪಾಪನಿವೇದನೆ ಕೇಳೋ ಗುರು, ಅದೇ ಹೊತ್ತಿಗೆ ಸೆಲ್ಯೂಟ್ ಹೊಡೀಬೇಕಾದ ಆಫೀಸರ್. ಗುರುವಿಗೂ ಇಲ್ಲ ಅನ್ನೋಕೆ ಕಷ್ಟ, ಆಫೀಸರ್‌ಗೂ ಇಲ್ಲ ಅನ್ನೋಕೆ ಕಷ್ಟ, ಎರಡೂ ಒಬ್ಬನೇ ಆದ್ರೆ ಹತ್ತೊಂಬತ್ತು ವರ್ಷದ ಹುಡುಗ ಬಾಯಿ ಬಿಡೋದು ಹೇಗೆ? ಆಮೇಲೆ ಅಲ್ಲಿನ ಸೈನಿಕ ಡ್ಯೂಟಿಗೆ ಸಂಬಂಧಪಟ್ಟು ಆದ ಹಾನಿಗೆ ಸರ್ಕಾರದ ಮೇಲೆ ಪರಿಹಾರದ ದಾವೆ ಹೂಡೋ ಹಾಗಿಲ್ಲ ಅಂತ 1950ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ ಫೆರೆಸ್ ಅನ್ನೋ ಕೇಸಲ್ಲಿ ಹೇಳಿಬಿಟ್ಟಿದೆ. ಅಂದ್ರೆ ಊರಿನ ಬಿಷಪ್, ಸೇನೆಯ ಆರ್ಚ್‌ಬಿಷಪ್, ಸರ್ಕಾರ ಅನ್ನೋ ಮೂರು ಬಾಗಿಲಲ್ಲಿ ಒಂದು ಬಾಗಿಲಿಗೆ ಕಾನೂನೇ ಬೀಗ ಹಾಕಿದೆ.

ಇನ್ನು ನೀವು ಮಗಳ ಹತ್ರ ಕೇಳ್ಬೇಕಾದ್ದು. ಜಗಳ ಆಡೋ ಥರ ಬೇಡ, ಸ್ಕೂಲ್ ವ್ಯಾನ್ ಡ್ರೈವರ್ ಬಗ್ಗೆ ವಿಚಾರಿಸ್ತೀವಲ್ಲ ಹಾಗೆ. ಪೂಜೆಗೆ ಮುಂಚೆ ಮಕ್ಕಳು ಬಟ್ಟೆ ಬದಲಾಯಿಸೋ ರೂಮಲ್ಲಿ ಯಾವಾಗ್ಲೂ ಇಬ್ರು ದೊಡ್ಡವ್ರು ಇರ್ತಾರಾ, ಬಾಗಿಲು ತೆರೆದಿರುತ್ತಾ. ಫಾದರ್ ಮೂಲ ಯಾವ ಧರ್ಮಪ್ರಾಂತ್ಯದವ್ರು. ಇದನ್ನ ಕೇಳೋಕೆ ಸಂಕೋಚ ಬೇಡ, ಅಲ್ಲಿ ತುಂಬಾ ಧರ್ಮಪ್ರಾಂತ್ಯಗಳು ಆರೋಪ ನಂಬಲರ್ಹ ಅಂತ ಕಂಡ ಫಾದರ್‌ಗಳ ಪಟ್ಟಿ ಹೊರಗೆ ಹಾಕಿವೆ, ಯಾರು ಬೇಕಾದ್ರೂ ನೋಡ್ಬಹುದು. 2002ರಲ್ಲಿ ಬಾಸ್ಟನ್ ಊರಿನ ಫಾದರ್‌ಗಳು ಮಕ್ಕಳಿಗೆ ಮಾಡಿದ ದೌರ್ಜನ್ಯದ ವಿಷಯ ಹೊರಬಂದ ಮೇಲೆ ಅಲ್ಲಿನ ಬಿಷಪ್‌ಗಳು ಡಲ್ಲಾಸಲ್ಲಿ ಸೇರಿ ಒಂದು ನಿಯಮಾವಳಿ ಮಾಡಿದಾರೆ, ಮಕ್ಕಳ ಹತ್ರ ಕೆಲಸ ಮಾಡೋ ಎಲ್ರ ಹಿನ್ನೆಲೆ ಪರಿಶೀಲನೆ, ತರಬೇತಿ ಎಲ್ಲ ಅದರಲ್ಲಿದೆ, ಚಾಪೆಲಲ್ಲಿ ಅದು ನಡೆದಿದೆಯಾ ಅಂತ ಕೇಳೋಕೆ ತಂದೆತಾಯಿಗೆ ಹಕ್ಕಿದೆ. ಒಂದು ಮಾತ್ರ ಮಗಳಿಗೆ ಬಿಡಿಸಿ ಹೇಳಿ, ಏನಾದ್ರೂ ಸಂಶಯ ಬಂದ್ರೆ ಮೊದಲ ಫೋನು ಪೊಲೀಸಿಗೆ, ಇನ್ನೊಬ್ಬ ಚಾಪ್ಲಿನ್‌ಗೆ ಅಲ್ಲ. ಅಲ್ಲಿ ಚಾಪ್ಲಿನ್ ಹತ್ರ ಹೇಳಿದ್ದು ಪೂರ್ತಿ ಗುಟ್ಟು, ಅವರು ಯಾರಿಗೂ ಹೇಳೋ ಹಾಗಿಲ್ಲ. ದುಃಖ ಹೇಳ್ಕೊಳ್ಳೋಕೆ ಅದು ಒಳ್ಳೇದೇ, ಆದ್ರೆ ಅದರಿಂದ ತನಿಖೆ ಶುರುವಾಗಲ್ಲ, ಎಷ್ಟೋ ಜನ ಫಾದರ್‌ಗೆ ಹೇಳಿದೀವಲ್ಲ ಅಂತ ಕಾದು ಕೂತಿರ್ತಾರೆ.

ಮೊಮ್ಮಗನ ಹತ್ರ ನೀವೇ ಮಾತಾಡಿ, ವಿಡಿಯೋ ಕಾಲಲ್ಲಿ. ಅಜ್ಜಿ ಹತ್ರ ಹೇಳಿದ್ರೆ ಅಮ್ಮ ಬೈಯಲ್ಲ ಅಂತ ಅವನಿಗೆ ಗೊತ್ತಿರ್ಲಿ.

ಪ್ರಶ್ನೆ: ಮೇಡಂ, 28 ವರ್ಷ ಸರ್ವಿಸ್ ಮಾಡಿ ಬಂದ ಹವಿಲ್ದಾರ್ ನಾನು, ಸೋಮವಾರಪೇಟೆ ತಾಲ್ಲೂಕು. ನಮ್ಮ ಯೂನಿಟಲ್ಲಿ ಪಂಡಿತ್‌ಜೀ ಇದ್ರು, ಪಾದ್ರಿ ಸಾಬ್ ಇದ್ರು, ಮೌಲವಿ ಸಾಬ್ ಇದ್ರು, ಒಂದೇ ಸರ್ವ ಧರ್ಮ ಸ್ಥಳ, ಒಂದು ದಿನ ಕೆಟ್ಟ ಮಾತು ಕೇಳಿಲ್ಲ. ಅಮೆರಿಕದ ಕೊಳೆ ತಂದು ನಮ್ಮ ಫೌಜಿಗೆ ಯಾಕೆ ಹಚ್ತೀರಾ? ನಮ್ಮ ಜಿಲ್ಲೆಯಲ್ಲಿ ಮನೆಗೊಬ್ಬ ಸೈನಿಕ. ಏನೇ ಇದ್ರೂ ಮಿಲಿಟರಿ ವಿಷಯ ಮಿಲಿಟರಿ ಕೋರ್ಟೇ ನೋಡ್ಕೊಳ್ಳುತ್ತೆ.

ಉತ್ತರ: ಹವಿಲ್ದಾರ್ ಸಾಹೇಬ್ರೆ, ನನ್ನ ತಂದೆಯೂ ಫೌಜಿನವ್ರೇ, ಕೈಲ್‌ಪೊಳ್ದಿನ ದಿನ, ಅಂದ್ರೆ ನಮ್ಮ ಆಯುಧ ಪೂಜೆಯ ಹಬ್ಬದಲ್ಲಿ, ತೋಕಿಗೆ (ಕೋವಿಗೆ) ತೋಕ್‌ಪೂ ಹೂ ಕಟ್ಟುವಾಗ ಅವರ ಮೆಡಲು ಕೂಡ ಪಕ್ಕದಲ್ಲಿ ಇಡ್ತೀವಿ. ನಿಮ್ಮ ಪಾದ್ರಿ ಸಾಬ್ ಒಳ್ಳೆಯವ್ರು ಅಂದ್ರೆ ನಾನು ನಂಬ್ತೀನಿ. ನಮ್ಮ ಸೇನೆಯ ಪಾದ್ರಿ ಹೀಗೆ ಅಂತ ನಾನೆಲ್ಲೂ ಬರೆದಿಲ್ಲ. ಆದ್ರೆ ನಿಮ್ಮ ಕೊನೇ ವಾಕ್ಯ ಸರಿ ಅಲ್ಲ, ಅದನ್ನ ತಿದ್ದಲೇಬೇಕು, ಯಾಕಂದ್ರೆ ಅದನ್ನ ನಂಬಿ ತುಂಬಾ ಕುಟುಂಬಗಳು ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತದೆ ಉಳಿದಿವೆ.

1950ರ ಸೇನಾ ಕಾಯ್ದೆಯ 70ನೇ ಕಲಂ ನೋಡಿ. ಸೈನಿಕನಾದವ್ನು ಸೇನೆಗೆ ಸೇರದ ವ್ಯಕ್ತಿಯ ಮೇಲೆ ಕೊಲೆ ಅಥವಾ ಅತ್ಯಾಚಾರ ಮಾಡಿದ್ರೆ ಅದನ್ನ ಕೋರ್ಟ್ ಮಾರ್ಷಲ್ ವಿಚಾರಣೆ ಮಾಡೋ ಹಾಗಿಲ್ಲ, ಸಿವಿಲ್ ಕೋರ್ಟಿಗೇ ಹೋಗ್ಬೇಕು. ವಿನಾಯ್ತಿ ಇರೋದು ಯುದ್ಧದ ಡ್ಯೂಟಿ, ಹೊರದೇಶ, ಗಡಿ ಪೋಸ್ಟು ಇಂಥ ಕಡೆ ಮಾತ್ರ. ಇನ್ನು ಮಕ್ಕಳ ವಿಷಯಕ್ಕೆ 2012ರ ಪೋಕ್ಸೋ ಕಾಯ್ದೆ ಇದೆ. ಅದರ 5ನೇ ಕಲಮಲ್ಲಿ ಯಾರು ಮಾಡಿದ್ರೆ ಅಪರಾಧ ಇನ್ನೂ ಗಂಭೀರ ಅಂತ ಒಂದು ಪಟ್ಟಿ ಕೊಟ್ಟಿದಾರೆ, ಅದರಲ್ಲಿ ಸಶಸ್ತ್ರ ಪಡೆಯವ್ರು ಇದಾರೆ, ಧಾರ್ಮಿಕ ಸಂಸ್ಥೆಯ ಆಡಳಿತದವ್ರೂ ಸಿಬ್ಬಂದಿಯೂ ಇದಾರೆ. ಕನಿಷ್ಠ ಶಿಕ್ಷೆ 2019ರ ತಿದ್ದುಪಡಿ ಆದ್ಮೇಲೆ 20 ವರ್ಷ. ಯೂನಿಫಾರ್ಮನ್ನೂ ನಿಲುವಂಗಿಯನ್ನೂ ನಮ್ಮ ಪಾರ್ಲಿಮೆಂಟು ಬೇಕಂತಲೇ ಹೆಸರಿಟ್ಟು ಬರೆದಿದೆ, ಬೇಲಿಯೇ ಎದ್ದು ಹೊಲ ಮೇಯ್ದ್ರೆ ಅದಕ್ಕೆ ಬೇರೆ ಲೆಕ್ಕ ಅಂತ.

ನಮ್ಮಲ್ಲಿ ಅಮೆರಿಕದ ಥರ ಸೇನೆಗೇ ಬೇರೆ ಧರ್ಮಪ್ರಾಂತ್ಯ ಇಲ್ಲ. ಪಾದ್ರಿ ಸಾಬ್ ನಿಮ್ಗೆ ಗೊತ್ತಿರೋ ಹಾಗೆ ಜೆಸಿಓ (ಜೂನಿಯರ್ ಕಮಿಷನ್ಡ್ ಆಫೀಸರ್), ನಾಯಬ್ ಸುಬೇದಾರ್ ಆಗಿ ಸೇರ್ತಾರೆ, ಸೇರೋಕೆ ದೀಕ್ಷೆ ಆಗಿರ್ಬೇಕು, ಸ್ಥಳೀಯ ಬಿಷಪ್ಪರ ಒಪ್ಪಿಗೆ ಪಟ್ಟಿಯಲ್ಲಿ ಹೆಸರಿರ್ಬೇಕು. ಹಾಗಾಗಿ ಇಲ್ಲಿ ಮೂರು ಬಾಗಿಲ ಬದಲು ಎರಡು ಬಾಗಿಲು ಅನ್ಕೊಳ್ಳಿ. ಟೀಚರ್ ಕೇಳಿದ ಪ್ರಶ್ನೆ ಇಲ್ಲೂ ಕೇಳಲೇಬೇಕಾದ್ದೇ. ಫೌಜಿನ ಮರ್ಯಾದೆ ಕಾಯೋಕೆ ನಿಮ್ಮಂಥವ್ರು ಮುಂದೆ ನಿಂತು ಕೇಳಿದ್ರೆ ನನಗಿಂತ ಹತ್ತು ಪಟ್ಟು ತೂಕ ಇರುತ್ತೆ.

ಪ್ರಶ್ನೆ: ಸಿದ್ದಾಪುರದಿಂದ. ತಪ್ಪು ಮಾಡಿದವ್ರಿಗೆ ದೇವರು ನೋಡ್ಕೊಳ್ತಾನೆ. ಪೇಪರ್, ಪೊಲೀಸ್ ಅಂತ ಹೋದ್ರೆ ನಮ್ಮ ಚರ್ಚಿನ ಮಾನ, ದೌರ್ಜನ್ಯ ಆದ ಹೆಣ್ಮಗಳ ಮಾನ ಎರಡೂ ಹೋಗಲ್ವಾ? ಒಳಗೊಳಗೇ ಸರಿ ಮಾಡ್ಬಹುದಲ್ಲ.

ಉತ್ತರ: ಒಳಗೊಳಗೇ ಸರಿ ಮಾಡೋಕೆ ಹೋದ್ರೆ ಏನಾಗುತ್ತೆ ಅಂತ ನೋಡೋಕೆ ಅಮೆರಿಕಕ್ಕೆ ಹೋಗೋದು ಬೇಡ, ಘಾಟಿ ಇಳಿದ್ರೆ ಸಾಕು. ಕೇರಳದ ಕೊಟ್ಟಿಯೂರು ನಿಮಗೆ ಗೊತ್ತು, ವೈಶಾಖ ಉತ್ಸವಕ್ಕೆ ನಮ್ಮ ಕಡೆಯಿಂದಲೂ ಜನ ಹೋಗ್ತಾರೆ. ಅಲ್ಲಿನ ಚರ್ಚಿನ ಒಬ್ಬ ಪಾದ್ರಿಯಿಂದ ಹದಿನಾರು ವರ್ಷದ ಹುಡುಗಿ ಗರ್ಭಿಣಿ ಆಗಿ 2017ರಲ್ಲಿ ಮಗು ಹೆತ್ತಳು. ಒಳಗೊಳಗೇ ಸರಿ ಮಾಡೋ ಪ್ರಯತ್ನ ಎಲ್ಲಿಗೆ ಹೋಯ್ತು ಗೊತ್ತಾ, ಆ ಹುಡುಗಿಯ ಸ್ವಂತ ತಂದೆ ಇದು ನಾನೇ ಮಾಡಿದ್ದು ಅಂತ ಮುಂದೆ ಬಂದು ಹೇಳೋ ಹಂತಕ್ಕೆ. ಇದನ್ನ ಬರೀವಾಗಲೂ ನನ್ನ ಕೈ ನಿಲ್ಲುತ್ತೆ. ಒಬ್ಬ ಬಡ ಅಪ್ಪ ಯಾರ ಮಾನ ಉಳಿಸೋಕೆ ಆ ಮಾತು ಹೇಳಿದ? ವಿಚಾರಣೆಯಲ್ಲಿ ಮನೆಯವ್ರೂ ಹೇಳಿಕೆ ತಿರುಗಿಸಿದ್ರು, ಡಿಎನ್‌ಎ ಇದ್ದಿದ್ದಕ್ಕೆ ಸತ್ಯ ಉಳೀತು. 2019ರ ಫೆಬ್ರವರಿಯಲ್ಲಿ ತಲಶ್ಶೇರಿ ಪೋಕ್ಸೋ ಕೋರ್ಟು 20 ವರ್ಷ ಕೊಟ್ತು, 2021ರಲ್ಲಿ ಹೈಕೋರ್ಟು ಅದನ್ನ 10 ವರ್ಷಕ್ಕೆ ಇಳಿಸ್ತು, ವ್ಯಾಟಿಕನ್ ಅವನ ಪಾದ್ರಿ ಪಟ್ಟಾನೂ ತೆಗೀತು.

ಪೋಕ್ಸೋದ 19ನೇ ಕಲಂ ಪ್ರಕಾರ ವಿಷಯ ಗೊತ್ತಾದವ್ರು ಪೊಲೀಸಿಗೆ ತಿಳಿಸಲೇಬೇಕು, ಮುಚ್ಚಿಟ್ರೆ ಅದೇ ಅಪರಾಧ, ಸಂಸ್ಥೆಯ ಮುಖ್ಯಸ್ಥರಾದ್ರೆ ಒಂದು ವರ್ಷದ ತನಕ ಜೈಲು. ಇನ್ನು ಹೆಣ್ಮಗಳ ಮಾನ ಅಂದ್ರಲ್ಲ, ಮಗುವಿನ ಹೆಸರು, ಫೋಟೊ, ಸ್ಕೂಲು ಯಾವುದನ್ನೂ ಪೇಪರಲ್ಲಿ ಹಾಕೋ ಹಾಗಿಲ್ಲ, ಹೇಳಿಕೆ ತಗೊಳ್ಳೋಕೆ ಪೊಲೀಸ್ನವ್ರು ಯೂನಿಫಾರ್ಮ್ ಇಲ್ಲದೆ ಮನೆಗೇ ಬರ್ಬೇಕು. ಮಕ್ಕಳ ಸಹಾಯವಾಣಿ 1098, ಅದಕ್ಕೆ ಫೋನ್ ಮಾಡೋಕೆ ದುಡ್ಡು ಬೇಡ.

ಪ್ರಶ್ನೆ: ಅಕ್ಕ, ನಾನು ಪೊನ್ನಂಪೇಟೆಯಲ್ಲಿ ಓದ್ತಿರೋ ಹುಡುಗ. ನಮ್ಮ ಚಿಕ್ಕಪ್ಪ ಫಾದರ್. ತುಂಬಾ ಒಳ್ಳೆಯವ್ರು, ಪ್ರವಾಹ ಬಂದಾಗ ಮೂರು ದಿನ ಮಲಗದೆ ಜನರಿಗೆ ಅನ್ನ ಹಾಕಿದವ್ರು. ಈಗ ಕಾಲೇಜಲ್ಲಿ ಫ್ರೆಂಡ್ಸು ಫಾದರ್‌ಗಳೆಲ್ಲ ಹೀಗೇ ಅಂತ ತಮಾಷೆ ಮಾಡ್ತಾರೆ. ಸುಳ್ಳು ಆರೋಪ ಬಂದ್ರೆ ಏನ್ ಗತಿ? ಆರೋಪ ಬಂದ ತಕ್ಷಣ ಕೆಲಸದಿಂದ ಸರಿಸ್ಬೇಕು ಅಂತಾರಲ್ಲ, ಅದು ಅನ್ಯಾಯ ಅಲ್ವಾ?

ಉತ್ತರ: ತಮ್ಮಾ, ನಿನಗೆ ಬೇಜಾರಾಗಿದ್ದು ಸಹಜ. ಚಿಕ್ಕಪ್ಪನ ಬಗ್ಗೆ ನಿನ್ನ ಗೌರವ ಹಾಗೇ ಇರ್ಲಿ. ಆಸ್ಟ್ರೇಲಿಯಾದಲ್ಲಿ ನಡೆದಿದ್ದು ಹೇಳ್ತೀನಿ. ಅಲ್ಲಿನ ಸೇನೆಯ ಕ್ಯಾಥೊಲಿಕ್ ಬಿಷಪ್ಪರ ಮೇಲೇ 2014ರಲ್ಲಿ ಕೇಸಾಯ್ತು, ಅವರು ನಾಲ್ಕು ದಶಕದ ಹಿಂದೆ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದಾಗಿನ ಆರೋಪ. ಅವರು ಅಧಿಕಾರದಿಂದ ಪಕ್ಕಕ್ಕೆ ಸರಿದ್ರು, ಕೋರ್ಟಲ್ಲಿ ವಿಚಾರಣೆ ಆಯ್ತು, 2016ರಲ್ಲಿ ಜ್ಯೂರಿ ನಿರ್ದೋಷಿ ಅಂತು. ಪಕ್ಕಕ್ಕೆ ಸರಿಯೋದು ಶಿಕ್ಷೆ ಅಂತ ನೀನು ಅಂದ್ಕೊಂಡಿದೀಯ, ನಾನು ಹಾಗೆ ನೋಡಲ್ಲ. ಬ್ಯಾಂಕಲ್ಲಿ ಲೆಕ್ಕ ತಪ್ಪಿದ್ರೆ ತನಿಖೆ ಮುಗಿಯೋ ತನಕ ಕ್ಯಾಶಿಯರ್ ಕೈಗೆ ಕೀ ಕೊಡಲ್ಲ, ಅವರು ಕಳ್ಳರು ಅಂತ ಯಾರೂ ಹೇಳಿರಲ್ಲ. ಹೊರಗಿನವ್ರು ತನಿಖೆ ಮಾಡಿ ನಿರ್ದೋಷಿ ಅಂದ್ರೆ ಆ ಮಾತಿಗೆ ಬೆಲೆ ಇರುತ್ತೆ. ನಮ್ಮವ್ರೇ ನಾಲ್ಕು ಜನ ಕೂತು ಅವ್ರು ಒಳ್ಳೆಯವ್ರು ಅಂತ ಸರ್ಟಿಫಿಕೇಟ್ ಕೊಟ್ರೆ ಯಾರು ನಂಬ್ತಾರೆ ಹೇಳು, ನಿಜವಾಗ್ಲೂ ಒಳ್ಳೆಯವ್ರಾಗಿದ್ರೂ ಅನುಮಾನ ಜೀವನಪೂರ್ತಿ ಬೆನ್ನಿಗಿರುತ್ತೆ.

ಹಾಗೆ ನಮ್ಮವ್ರೇ ನಮ್ಮವ್ರನ್ನ ನಂಬಿದ್ದಕ್ಕೆ ಉದಾಹರಣೆ ಚಿಲಿ ದೇಶ. ಹುವಾನ್ ಬಾರೋಸ್ ಅನ್ನೋರು 2004ರಿಂದ ಅಲ್ಲಿನ ಸೇನೆಯ ಬಿಷಪ್, 2015ರಲ್ಲಿ ಅವರನ್ನ ಒಸೋರ್ನೋ ಅನ್ನೋ ಊರಿಗೆ ಬಿಷಪ್ ಮಾಡಿದ್ರು. ತಮ್ಮ ಗುರು ಮಕ್ಕಳಿಗೆ ಮಾಡಿದ ದೌರ್ಜನ್ಯ ಗೊತ್ತಿದ್ದೂ ಮುಚ್ಚಿದ್ರು ಅಂತ ಸಂತ್ರಸ್ತರು ಹೇಳ್ತಾನೇ ಇದ್ರು, ಅವರು ಇಲ್ಲ ಅಂತಾನೇ ಇದ್ರು. 2018ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಅವರೇ ಇದು ಅಪಪ್ರಚಾರ ಅಂತ ಅಂದ್ಬಿಟ್ರು. ಆಮೇಲೆ ಹೊರಗಿಂದ ಒಬ್ಬ ಆರ್ಚ್‌ಬಿಷಪ್ಪರನ್ನ ಕಳಿಸಿ ಸಂತ್ರಸ್ತರ ಮಾತು ಕೂತು ಕೇಳಿಸಿದ್ರು, 2,300 ಪುಟದ ವರದಿ ಬಂತು, ಏಪ್ರಿಲಲ್ಲಿ ಪೋಪ್ ನಾನು ತಪ್ಪು ಮಾಡಿದೆ ಅಂತ ಕ್ಷಮೆ ಕೇಳಿದ್ರು, ಜೂನಲ್ಲಿ ಬಾರೋಸ್ ರಾಜೀನಾಮೆ ಒಪ್ಕೊಂಡ್ರು. ಪೋಪ್ ಕ್ಷಮೆ ಕೇಳಿದ್ದು ನನಗೆ ಸಣ್ಣ ವಿಷಯ ಅನ್ಸಲ್ಲ. ನಿನ್ನ ಫ್ರೆಂಡ್ಸ್ ತಮಾಷೆ ಮಾಡಿದ್ರೆ ಜಗಳ ಬೇಡ, ಈ ಎರಡು ಕಥೆ ಹೇಳು.

ಪ್ರಶ್ನೆ: ಹೆಸರು, ಊರು ಬೇಡ. ವಯಸ್ಸು 54. ತಂದೆ ಆರ್ಮಿಯಲ್ಲಿದ್ರು, ನಾವು ಉತ್ತರದ ಕಡೆ ಒಂದು ಕಂಟೋನ್ಮೆಂಟಲ್ಲಿ ಕ್ವಾಟ್ರಸಲ್ಲಿದ್ವಿ. ನನಗೆ ಹನ್ನೊಂದು. ಭಾನುವಾರ ಪೂಜೆ ಮಾಡ್ತಿದ್ದ ಫಾದರ್ ಪೂಜೆ ಆದ್ಮೇಲೆ ಪಾತ್ರೆ ತೊಳಿಯೋಕೆ ನನ್ನನ್ನೇ ನಿಲ್ಲಿಸ್ಕೊಳ್ತಿದ್ರು. ಆರೇಳು ತಿಂಗಳು ನಡೀತು. ಒಂದ್ಸಲ ಅಪ್ಪನಿಗೆ ಹೇಳ್ದೆ, ಕೆನ್ನೆಗೆ ಹೊಡೆದ್ರು, ಸಾಹೇಬ್ರ ಬಗ್ಗೆ ಹಾಗೆ ಹೇಳ್ಬೇಡ ಅಂದ್ರು. ಹೋದ ವರ್ಷ ಅಪ್ಪ ತೀರ್ಕೊಂಡ್ರು, ಅದಕ್ಕೇ ಈಗ ಬರೀತಿದೀನಿ. ಈಗ್ಲೂ ಆ ಕ್ಯಾಂಟೀನ್ ಸೋಪಿನ ವಾಸನೆ ಬಂದ್ರೆ ಹೊಟ್ಟೆ ತೊಳಸುತ್ತೆ. ಭಾನುವಾರ ಹೆಂಡತಿ ಮಕ್ಕಳು ಚರ್ಚೊಳಗೆ, ನಾನು ಹೊರಗೆ ಜೀಪಲ್ಲಿ ಕೂತಿರ್ತೀನಿ, ಪಾರ್ಕಿಂಗ್ ಸಿಗಲ್ಲ ಅಂತ ಹೇಳ್ತೀನಿ. ಹೆಂಡತಿಗೆ ಗೊತ್ತಿಲ್ಲ. ಇಷ್ಟು ವರ್ಷ ಆದ್ಮೇಲೆ ಏನಾದ್ರೂ ಮಾಡೋಕೆ ಆಗುತ್ತಾ, ಇಲ್ಲಾ ಬಿಟ್ಬಿಡ್ಲಾ?

ಉತ್ತರ: ಅಣ್ಣಾ, ನಿಮ್ಮ ಕಾಗದ ನಾನು ನಾಲ್ಕು ಸಲ ಓದ್ದೆ. ನೀವು ಬರೆದಿದ್ದನ್ನ ನಾನು ನಂಬ್ತೀನಿ, ಅದನ್ನ ಮೊದಲು ಹೇಳ್ಬಿಡ್ತೀನಿ, ಹನ್ನೊಂದನೇ ವಯಸ್ಸಲ್ಲಿ ನೀವು ಹೇಳಿದಾಗ ಯಾರೂ ಈ ಮಾತು ಹೇಳ್ಲಿಲ್ಲ. ಕ್ವಾಟ್ರಸು, ರೇಷನ್ನು, ಪ್ರಮೋಷನ್ನು ಎಲ್ಲಾ ಸಾಹೇಬ್ರ ಕೈಯಲ್ಲಿದ್ದ ಮನುಷ್ಯ ನಿಮ್ಮ ಅಪ್ಪ, ಹೆದರಿ ಹೊಡೆದಿರ್ತಾರೆ. ಹಾಗಂತ ಅವರನ್ನ ನೀವು ಕ್ಷಮಿಸಲೇಬೇಕು ಅಂತ ನಾನು ಹೇಳಲ್ಲ.

ಕಾನೂನು ಕೇಳಿದ್ರಿ. ಆಗ ಪೋಕ್ಸೋ ಇರ್ಲಿಲ್ಲ, ಹುಡುಗರ ಮೇಲಿನ ಇಂಥ ಕೃತ್ಯಕ್ಕೆ ಇದ್ದಿದ್ದು ಐಪಿಸಿ 377. ಹೊಸ ನ್ಯಾಯಸಂಹಿತೆಯಲ್ಲಿ ಆ ಕಲಂ ಇಲ್ಲ, ಆದ್ರೆ ಹಳೇ ಕೃತ್ಯಕ್ಕೆ ಆಗಿನ ಕಾನೂನೇ ಅನ್ವಯ. ಮೂರು ವರ್ಷಕ್ಕಿಂತ ಜಾಸ್ತಿ ಶಿಕ್ಷೆ ಇರೋ ಅಪರಾಧಕ್ಕೆ ನಮ್ಮಲ್ಲಿ ಕಾಲಮಿತಿ ಇಲ್ಲ. ಹಾಗಾಗಿ ನಲವತ್ತು ವರ್ಷ ಆಯ್ತು ಅಂತ ಯಾವ ಸ್ಟೇಷನ್ನವ್ರೂ ದೂರು ತಗೊಳ್ಳೋಕೆ ಆಗಲ್ಲ ಅನ್ನೋ ಹಾಗಿಲ್ಲ. ಸಾಕ್ಷಿ ಕಷ್ಟ, ಅದನ್ನ ಮುಚ್ಚಿಡಲ್ಲ, ಆ ಮನುಷ್ಯ ಬದುಕಿದಾನಾ ಅನ್ನೋದೂ ನೋಡ್ಬೇಕು. ಆದ್ರೆ ನೀವು ಅಂದ್ಕೊಂಡಷ್ಟು ಕೈ ಖಾಲಿ ಇಲ್ಲ. ನೀವು ಪರಮಪ್ರಸಾದ ಮೊದಲು ತಗೊಂಡಿದ್ದೋ ದೃಢೀಕರಣ ಆಗಿದ್ದೋ ಅಲ್ಲೇ ಆಗಿದ್ರೆ ಚರ್ಚಿನ ರಿಜಿಸ್ಟರಲ್ಲಿ ನಿಮ್ಮ ಹೆಸರು ಇರುತ್ತೆ, ಆ ವರ್ಷ ಅಲ್ಲಿ ಯಾವ ಫಾದರ್ ಇದ್ರು ಅಂತ ಅದೇ ಪುಸ್ತಕದ ಸಹಿ ಹೇಳುತ್ತೆ. ತಂದೆಯ ಡಿಸ್ಚಾರ್ಜ್ ಬುಕ್ಕು ಮನೆಯಲ್ಲಿರುತ್ತೆ, ಪೆಟ್ಟಿಗೆಯಲ್ಲಿ ಹುಡುಕಿ, ಯಾವ ಯೂನಿಟ್ಟು, ಯಾವ ವರ್ಷ ಅನ್ನೋದಕ್ಕೆ ಅದು ಆಧಾರ. ನಿಮಗೆ ನೆನಪಿರೋದನ್ನ ಒಂದು ನೋಟ್‌ಬುಕ್ಕಲ್ಲಿ ಬರೀರಿ, ಕ್ವಾಟ್ರಸ್ ನಂಬರು, ಮಳೆಗಾಲನಾ ಚಳಿಗಾಲನಾ, ಜೊತೆಗೆ ಬೇರೆ ಯಾವ ಹುಡುಗರಿದ್ರು. ಒಂದೇ ದಿನ ಬರೆದು ಮುಗಿಸ್ಬೇಕು ಅಂತೇನಿಲ್ಲ, ಎರಡು ಸಾಲು ಬರೆದು ಎದ್ದು ತೋಟಕ್ಕೆ ಹೋಗಿ, ನಾಳೆ ಇನ್ನೆರಡು.

ಚರ್ಚಿಗೂ ದೂರು ಕೊಡ್ಬಹುದು, ಪೊಲೀಸಿನ ಬದಲು ಅಂತ ಅಲ್ಲ, ಜೊತೆಗೆ. 2019ರಲ್ಲಿ ಪೋಪ್ ಫ್ರಾನ್ಸಿಸ್ ಒಂದು ಆದೇಶ ಮಾಡಿದ್ರು, 2023ರಲ್ಲಿ ಅದನ್ನ ಕಾಯಂ ಮಾಡಿದ್ರು, ಅದರ ಪ್ರಕಾರ ಇಂಥ ದೂರು ತಗೊಳ್ಳೋಕೆ ಧರ್ಮಪ್ರಾಂತ್ಯಗಳಲ್ಲಿ ವ್ಯವಸ್ಥೆ ಇರ್ಬೇಕು, ದೂರು ಕೊಟ್ಟವ್ರಿಗೆ ಬಾಯಿ ಮುಚ್ಕೊಂಡಿರಿ ಅಂತ ಷರತ್ತು ಹಾಕೋ ಹಾಗಿಲ್ಲ. ಚರ್ಚಿನ ಕಾನೂನಲ್ಲಿ ಕಾಲಮಿತಿ ಇದೆ, ಹುಡುಗನಿಗೆ ಹದಿನೆಂಟು ತುಂಬಿದ ಮೇಲೆ 20 ವರ್ಷ, ಆದ್ರೆ ವ್ಯಾಟಿಕನ್ ಮನಸ್ಸು ಮಾಡಿದ್ರೆ ಅದನ್ನ ಸಡಿಲಿಸ್ಬಹುದು, ಸಡಿಲಿಸಿ ಅಂತಾನೇ ಬರೆದು ಕೇಳ್ಬೇಕು. ಅವರು ಸೇನೆಯವ್ರನ್ನ ಕೇಳಿ ಅಂದ್ರೆ ಆ ಮಾತನ್ನ ಬರೆದು ಕೊಡಿ ಅನ್ನಿ. ಸೇನೆಯವ್ರು ಬಿಷಪ್ಪರನ್ನ ಕೇಳಿ ಅಂದ್ರೂ ಅಷ್ಟೇ. ಎರಡೂ ಕಾಗದ ಒಂದೇ ಫೈಲಲ್ಲಿ ಸೇರಿದ ದಿನ ಯಾರ ಕೈಕೆಳಗೆ ಅನ್ನೋ ಪ್ರಶ್ನೆಯನ್ನ ಕೋರ್ಟೇ ಕೇಳೋ ಹಾಗೆ ನಾನು ಮಾಡ್ಬಲ್ಲೆ.

ಏನೂ ಮಾಡದೆ ಬಿಟ್ರೂ ಅದು ನಿಮ್ಮ ತೀರ್ಮಾನ, ನನಗೆ ನಿಮ್ಮ ಮೇಲೆ ಗೌರವ ಕಮ್ಮಿ ಆಗಲ್ಲ. ಒಂದು ಮಾತ್ರ ವಿಚಾರಿಸೋಣ, ಆ ಮನುಷ್ಯ ಈಗ್ಲೂ ಎಲ್ಲಾದ್ರೂ ಮಕ್ಕಳ ಮಧ್ಯೆ ಇದಾನಾ ಅಂತ. ಅದನ್ನ ನಿಮ್ಮ ಹೆಸರು ಹೊರಗೆ ಬರದ ಹಾಗೆ ನಾನೇ ವಿಚಾರಿಸ್ತೀನಿ.

ಹೆಂಡತಿಗೆ ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು, ಆದ್ರೆ ಇಷ್ಟು ವರ್ಷ ನೀವು ಹೊರಗೆ ಜೀಪಲ್ಲಿ ಕೂತಿರೋದನ್ನ ಅವರು ಗಮನಿಸಿಲ್ಲ ಅಂತ ನನಗೆ ಅನ್ಸಲ್ಲ. ರಾತ್ರಿ ನಿದ್ದೆ ಬರದಿದ್ರೆ ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416, ಕನ್ನಡದಲ್ಲೇ ಮಾತಾಡ್ತಾರೆ, ಹೆಸರು ಹೇಳ್ಬೇಕು ಅಂತಿಲ್ಲ.

ನಾನು ಮಡಿಕೇರಿಯಲ್ಲಿ ಶನಿವಾರ ಮಧ್ಯಾಹ್ನ ಮೂರರ ಮೇಲೆ ಚೇಂಬರಲ್ಲಿ ಒಬ್ಳೇ ಇರ್ತೀನಿ, ಜೂನಿಯರ್‌ಗಳನ್ನ ಕಳಿಸಿರ್ತೀನಿ. ನಂಬರು ಈ ಪತ್ರಿಕೆ ಆಫೀಸಲ್ಲಿ ಕೇಳಿದ್ರೆ ಕೊಡ್ತಾರೆ, ಯಾಕೆ ಅಂತ ಕೇಳಿದ್ರೆ ಕಾಫಿ ಪ್ಲಾಂಟರ್, ಜಮ್ಮಾ ಜಾಗದ ವಿಷಯ ಅನ್ನಿ. ಚೇಂಬರ್ ಎದುರೇ ಜೀಪು ನಿಲ್ಲಿಸೋಕೆ ಜಾಗ ಇದೆ.